ಬೈಟೂ ಕಾಫಿ ಮತ್ತು ಬೋಟಿನ ಕಕ್ಕಸು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಂಥ ಊರಿನ ಗಾಂಧಿಬಜಾರಿನಲ್ಲಿ, ಎರಡು ಕಾಫಿಯನ್ನು ಬೈಟೂ ಮಾಡಿಕೊಂಡು ನಿಂತ ನಾವು ನಾಲ್ವರು ಭಾನುವಾರ ಬೆಳಬೆಳಗ್ಗೆ ಕಿತ್ತಾಡಿದ್ದು ಬೋಟಿನ ಕಕ್ಕಸಿಗೆ ಯಾವ ಪಂಪು ಅಂತ.

ಎಲ್ಲಾ ಮೂರ್ತಿಯ ಭಾವಮೈದನ ಕೃಪೆ. ಮಲ್ಪೆಯಲ್ಲಿ ಹಳೇ ಬೋಟು ಕೊಂಡಿದ್ದಾನೆ. "ಎಸ್‌ಜೆಪಿ ರೋಡಲ್ಲಿ ಪಂಪು ನೋಡಿ ಕಳಿಸಿ ಭಾವ" ಅಂದನಂತೆ.

"ಒಂದೇ ಪಂಪು ಸಾಕು ಕಣೋ, ಟಾಯ್ಲೆಟ್ಟಿಗೂ ಶವರಿಗೂ," ಅಂದ ಮೂರ್ತಿ. ಒಂದೇ ಪಂಚೆಯಲ್ಲಿ ವರಪೂಜೆ, ಧಾರೆ ಎರಡೂ ಮುಗಿಸಿದ ಆಸಾಮಿ.

ಪಂಪಿನಂಗಡಿಯಲ್ಲಿ ಮೂವತ್ತು ವರ್ಷ ಕೂತ ಶ್ರೀಧರನಿಗೆ ಮೈ ಉರಿಯಿತು. "ಲೋ, ಫ್ಲಶ್ಶಿಗೆ ಸಮುದ್ರದ ನೀರು, ಸ್ನಾನಕ್ಕೆ ಟ್ಯಾಂಕಿನ ಸಿಹಿನೀರು. ಒಂದೇ ಪಂಪಾದ್ರೆ ಒಂದೋ ನೀನು ಉಪ್ಪಿನಕಾಯಿ, ಇಲ್ಲ ಕುಡಿಯೋ ನೀರು ಕಕ್ಕಸಿಗೆ! ಶವರಿಗೆ ಡಯಾಫ್ರಂ ಪಂಪು ತಗೋ, ಒಳಗೆ ರಬ್ಬರ್ ಪರದೆ ಮೇಲೆ ಕೆಳಗೆ ಆಡಿ ನೀರೆಳೆಯುತ್ತೆ. ರಬ್ಬರ್ ಇಂಪೆಲ್ಲರ್, ಅಂದ್ರೆ ತಿರುಗೋ ರೆಕ್ಕೆಚಕ್ರ ಇರೋ ಪಂಪು ನೀರಿಲ್ದೆ ಓಡಿದ್ರೆ ಸುಟ್ಟೋಗುತ್ತೆ. ಇದು ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ. ಹೇಗೆ ಗೊತ್ತಾ?" ಲೋಟದ ಬಾಯಿಗೆ ಅಂಗೈ ಒತ್ತಿ, ಮೇಲಕ್ಕೆಳೆದ. ಪಿಚಕ್! ಡಯಾಫ್ರಮ್ಮಿನ ತತ್ವ ಮೂರ್ತಿಯ ಬಿಳಿ ಅಂಗಿ ಮೇಲೆ ಮೂಡಿತು.

"ಟಾಯ್ಲೆಟ್ಟಿಂದ ಹೊರಗೆ ತಳ್ಳೋದು ಮೆಸರೇಟರ್ ಪಂಪು. ಒಳಗೆ ಬ್ಲೇಡು. ನುಣ್ಣಗೆ ರುಬ್ಬಿ ಕಳಿಸುತ್ತೆ."

ಎರಡನೇ ಸಲ ಚಟ್ನಿ ಹಾಕಿಸಿಕೊಂಡು ಬರುತ್ತಿದ್ದ ರಘು ಅಲ್ಲೇ ನಿಂತ.

"ಕಮೋಡು ನೀರಿನ ಮಟ್ಟಕ್ಕಿಂತ ಕೆಳಗಿದ್ರೆ, ಪೈಪನ್ನ ಮೇಲಕ್ಕೆ ಬಳಸಿ ತಂದು ನೆತ್ತೀಲಿ ಗಾಳಿ ವಾಲ್ವು ಇಡ್ಬೇಕು. ಇಲ್ದಿದ್ರೆ ಸೈಫನ್ ಆಗಿ ಸಮುದ್ರ ತಾನೇ ಒಳಗೆ ಬರುತ್ತೆ."

"ಪುಣ್ಯವಂತರಪ್ಪ," ಅಂದ ರಘು. "ಕಾವೇರಿ 100 ಕಿಲೋಮೀಟರ್ ದೂರದಿಂದ 500 ಮೀಟರ್ ಹತ್ತಿ ಬರ್ತಾಳೆ, ನಮ್ಮ ಸಂಪಿನಿಂದ ಮೂರನೇ ಮಹಡಿ ಹತ್ತೋಕೆ ಮಾತ್ರ ಮುನಿಸು."

"ಬಿಸಿನೀರು?" ಅಂದೆ ನಾನು.

"ಇಂಜಿನ್ನನ್ನ ತಂಪು ಮಾಡಿ ತಾನು ಬಿಸಿಯಾದ ಕೂಲಂಟು ಸುರುಳಿ ಪೈಪಲ್ಲಿ ಟ್ಯಾಂಕಿನೊಳಗೆ ಹಾದುಹೋಗುತ್ತೆ. ಅಜ್ಜಿ ಮನೆ ಹಂಡೆ ಅಂದ್ಕೋ, ಸೌದೆ ಬದಲು ಇಂಜಿನ್ನು. ಪಂಪು ತಣ್ಣೀರಿನ ಕಡೆ ಇರ್ಲಿ, ಜೊತೆಗೊಂದು ಅಕ್ಯುಮುಲೇಟರ್, ಒತ್ತಡ ಹಿಡಿದಿಡೋ ಪುಟ್ಟ ಟ್ಯಾಂಕು. ಇಲ್ದಿದ್ರೆ ಶವರು ಬಿಕ್ಕಳಿಸುತ್ತೆ."

"ಪ್ರೆಷರ್ರು?" ರಘುವಿನ ಕಿವಿ ನೆಟ್ಟಗಾಗಿತ್ತು.

"ಎರಡು ಬಾರ್ ಧಾರಾಳ. 20 ಮೀಟರ್ ಮೇಲೆ ಟ್ಯಾಂಕಿಟ್ಟ ಹಾಗೆ."

ರಘುವಿನ ಟ್ಯಾಂಕು ಅವನ ಶವರಿಗಿಂತ ಮೂರೇ ಮೀಟರ್ ಮೇಲಿದೆ. ಅದರಡಿ ನಿಂತರೆ ಸ್ನಾನವಲ್ಲ, ತೀರ್ಥ.

"ಕರೆಂಟೆಷ್ಟು ತಗೊಳ್ಳುತ್ತೆ?"

"12 ವೋಲ್ಟು, ಐದಾರು ಆಂಪಿಯರ್."

"ನಮ್ಮನೆ ಯುಪಿಎಸ್ ಬ್ಯಾಟರೀನೂ 12 ವೋಲ್ಟೇ ಅಲ್ವಾ?"

ಅವನು ಹಾಗೆ ಕೇಳಿದಾಗಲೇ ನಮಗೆ ಹೊಳೆಯಬೇಕಿತ್ತು. ಸೋಮವಾರ ಮೂರ್ತಿ, ರಘು ಇಬ್ಬರೂ ಎಸ್‌ಜೆಪಿ ರೋಡಿಗೆ ಹೋದರು. ಅಂಗಡಿಯವನ ಹತ್ತಿರ ಡಯಾಫ್ರಂ ಪಂಪು ಇದ್ದದ್ದು ಒಂದೇ. ಈಗ ಅದು ರಘುವಿನ ಬಚ್ಚಲ ಮೂಲೆಯಲ್ಲಿ ಗುರ್ರ್ ಅನ್ನುತ್ತಿದೆ. ಮಲ್ಪೆಗೆ ಹೋದದ್ದು ಮೆಸರೇಟರ್ ಮಾತ್ರ.

"ಸ್ನಾನಕ್ಕೇನು ಮಾಡ್ಲಿ ಭಾವ?" ಅಂತ ಭಾವಮೈದ ಫೋನು ಮಾಡಿದ.

"ಸುತ್ತ ಸಮುದ್ರ ಇದೆಯಲ್ಲೋ," ಅಂದ ಮೂರ್ತಿ.