ಅತ್ತಿಕಾಯಿಯೊಳಗೆ ಗಂಡು ಯಾಕಿಷ್ಟು ಕಮ್ಮಿ?

ತೋಟದಮನೆ, ಶಿರಸಿ:
ನಮ್ಮ ಅಡಿಕೆ ತೋಟದ ಹಳ್ಳದ ಬದಿಗೆ ಅತ್ತಿಮರ ಇದೆ. ಇನ್ನೇನು ಹಣ್ಣಾಗುವ ಕಾಯಿ ಸೀಳಿ ಲೆನ್ಸ್ ಹಿಡಿದೆ. ರೆಕ್ಕೆಯ ಹೆಣ್ಣು ಕಣಜಗಳೇ ಗಿಜಿಗಿಜಿ. ರೆಕ್ಕೆಯಿಲ್ಲದ, ಮಾಸಲು ಬಣ್ಣದ ಗಂಡು ಅಲ್ಲೊಂದು ಇಲ್ಲೊಂದು. ಸಮಸಮ ಇರಬೇಕಿತ್ತು ಅಲ್ವಾ?

ಹುಳಹುಪ್ಪಟೆ:
ಗಂಡುಗಳು ಊರೆಲ್ಲ ಸುತ್ತಿ ಜೋಡಿ ಹುಡುಕುವಾಗ ಆ ಲೆಕ್ಕ ಸರಿ. ಇಲ್ಲಿ ಗಂಡು ಹುಟ್ಟಿದ ಕಾಯಲ್ಲೇ ಕೂಡಿ ಅಲ್ಲೇ ಸಾಯುತ್ತದೆ. ಒಂದೇ ತಾಯಿ ಮೊಟ್ಟೆಯಿಟ್ಟಿದ್ದರೆ ಪೈಪೋಟಿ ಅಣ್ಣತಮ್ಮಂದಿರ ನಡುವೆಯೇ. ಯಾರು ಗೆದ್ದರೂ ತಾಯಿಗೆ ಸಿಗುವುದು ಅಷ್ಟೇ, ಜಾಸ್ತಿ ಗಂಡು ಹೆತ್ತರೆ ಸುಮ್ನೆ ದಂಡ. ಹೆಣ್ಣಾದರೆ ಹೊರಗೆ ಹಾರಿ ಬೇರೆ ಕಾಯಿ ಹಿಡಿಯುತ್ತದೆ. 1967ರಲ್ಲಿ ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ತಾಯಿ ಕಣಜಕ್ಕೆ ಗಂಡೋ ಹೆಣ್ಣೋ ಆರಿಸುವುದು ಸುಲಭವೂ ಹೌದು: ವೀರ್ಯ ಸೇರಿದ ಮೊಟ್ಟೆ ಹೆಣ್ಣು, ಸೇರದ್ದು ಗಂಡು.

ತೋಟದಮನೆ, ಶಿರಸಿ:
ಒಂದೇ ಕಾಯಿಗೆ ಎರಡು ತಾಯಿ ನುಗ್ಗಿದರೆ?

ಹುಳಹುಪ್ಪಟೆ:
ಆಗ ಪೈಪೋಟಿ ಬೇರೆ ತಾಯಿಯ ಗಂಡುಗಳ ಜೊತೆಗೂ, ಹಾಗಾಗಿ ಗಂಡು ಹೆಚ್ಚುತ್ತದೆ. ಹ್ಯಾಮಿಲ್ಟನ್ನರ ಸರಳ ಲೆಕ್ಕದಲ್ಲಿ ಒಟ್ಟು ಮರಿಗಳಲ್ಲಿ ಕಾಲು ಭಾಗ ಗಂಡು.

ಕಾಳಿತೀರ, ಕಾರವಾರ:
ಉಲ್ಟಾ ಕೇಸೂ ಇದೆ ಮಾರಾಯ್ರೆ. ಆಫ್ರಿಕಾದ ಗಲಾಗೊಗಳಲ್ಲಿ (ಕಾಡುಪಾಪದಂಥ ಸಣ್ಣ ನಿಶಾಚರಿ ಪ್ರಾಣಿ) ಹೆಣ್ಣುಮರಿಗಳು ತಾಯಿಯ ಜಾಗದಲ್ಲೇ ಉಳಿದು ಊಟಕ್ಕೆ ಪೈಪೋಟಿ ಮಾಡುತ್ತವೆ, ಗಂಡು ದೂರ ಹೋಗುತ್ತವೆ. ಅಲ್ಲಿ ಗಂಡುಮರಿಗಳೇ ಜಾಸ್ತಿ. 1978ರಲ್ಲಿ ಸಂಶೋಧಕಿ ಆನ್ ಕ್ಲಾರ್ಕ್ ಕೊಟ್ಟ ವಿವರಣೆ ಇದು.