ನಮ್ಮ ಹುಡುಗರು ಇಟಲಿಯನ್ನು ಸೋಲಿಸಿದ್ದು ನಿಜವಾ?

ಗುಂಪು: ಮನೆ ಮಂದಿ
ಭಾನುವಾರ, ಬೆಳಿಗ್ಗೆ 7:12

ದೊಡ್ಡ ಮಾವ: (ಫಾರ್ವರ್ಡ್ ಆದ ಸಂದೇಶ) "ಇದನ್ನು ಯಾವ ಚಾನೆಲ್ಲೂ ಹೇಳುವುದಿಲ್ಲ!! 1974ರಲ್ಲಿ ನಮ್ಮ ಕಿರಿಯರ ಫುಟ್‌ಬಾಲ್ ತಂಡ ಏಷ್ಯಾ ಚಾಂಪಿಯನ್. 2017ರಲ್ಲಿ ಇಟಲಿಯನ್ನು 2-0 ಸೋಲಿಸಿತು. 2018ರಲ್ಲಿ ಅರ್ಜೆಂಟೀನಾವನ್ನು 2-1 ಸೋಲಿಸಿತು. ನಮ್ಮ ಹುಡುಗರು ಯಾರಿಗೂ ಕಮ್ಮಿ ಇಲ್ಲ. ಹೆಮ್ಮೆ ಇದ್ದರೆ ಹತ್ತು ಜನರಿಗೆ ಕಳಿಸಿ."

ಪುಣೆ ತಮ್ಮ: ಮಾವ, ಇದೆಲ್ಲ ಸುಳ್ಳು. ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ.

ದೊಡ್ಡ ಮಾವ: ಯಾವುದು ಸುಳ್ಳು? ನಮ್ಮವರು ಗೆದ್ದರು ಅಂದರೆ ನಿನಗೆ ನಂಬಿಕೆಯೇ ಬರುವುದಿಲ್ಲ.

ಪುಣೆ ತಮ್ಮ: 2017ರಲ್ಲಿ ನಮ್ಮ ದೇಶದಲ್ಲೇ 17 ವರ್ಷದೊಳಗಿನವರ ವಿಶ್ವಕಪ್ ಆಯಿತು. ಆತಿಥೇಯರು ಅಂತ ಮಾತ್ರ ನಮಗೆ ಜಾಗ ಸಿಕ್ಕಿತು. ಅಮೆರಿಕ ಎದುರು 0-3. ಕೊಲಂಬಿಯಾ ಎದುರು 1-2. ಘಾನಾ ಎದುರು 0-4. ಮೂರು ಪಂದ್ಯ, ಮೂರು ಸೋಲು. ಇದು ನಿಜವಾದ ಇತಿಹಾಸ ಮಾವ.

ಅಕ್ಕ: ಇಬ್ಬರೂ ಸ್ವಲ್ಪ ನಿಲ್ಲಿ. ಮುಂದಿನ ಶನಿವಾರ ನಮ್ಮ ಮಗ ಚಿನ್ನುಗೆ ಫುಟ್‌ಬಾಲ್ ಆಯ್ಕೆಯ ಟ್ರಯಲ್ಸ್ ಇದೆ. ಕಳಿಸಬೇಕಾ ಬೇಡವಾ ಅಂತ ಮನೆಯಲ್ಲಿ ವಾರದಿಂದ ಮಾತಾಗ್ತಿದೆ. ಮಾವ ಒಂದು ಹೇಳ್ತಾರೆ, ನೀನು ಇನ್ನೊಂದು ಹೇಳ್ತೀಯ. ಯಾವುದು ಸರಿ?

ನಾನು: ಅಕ್ಕ, ಇಬ್ಬರ ಮಾತಿನಲ್ಲೂ ಅರ್ಧ ಅರ್ಧ ಸರಿ ಇದೆ. ಮೂರು ವಿಷಯ ಇದೆಯಲ್ಲ, ಒಂದೊಂದಾಗಿ ಬರೀತೀನಿ. ಮೊದಲು ಇಟಲಿ, ಯಾಕೆಂದರೆ ತಪ್ಪಿರುವುದು ಅಲ್ಲೇ.

ನಾನು: 2017ರ ಮೇ ತಿಂಗಳು. ವಿಶ್ವಕಪ್ಪಿಗೆ ತಯಾರಿ ಮಾಡಲು ಹುಡುಗರು ಯುರೋಪ್ ಪ್ರವಾಸದಲ್ಲಿದ್ದರು. ಇಟಲಿಯಲ್ಲಿ ಒಂದು ಪಂದ್ಯ ಆಡಿ 2-0 ಗೆದ್ದದ್ದು ನಿಜ. ಇಟಲಿಯ ರಾಷ್ಟ್ರೀಯ ಕಿರಿಯರ ತಂಡವನ್ನೇ ಸೋಲಿಸಿದರು ಅಂತ ಇಲ್ಲಿ ಸುದ್ದಿಯಾಯಿತು. ಅಭಿನಂದನೆಗಳ ಮಳೆಯೇ ಸುರಿಯಿತು. ಆಮೇಲೆ ಗೊತ್ತಾಯಿತು, ಎದುರಿದ್ದದ್ದು ಇಟಲಿ ತಂಡ ಅಲ್ಲ. ಲೆಗಾ ಪ್ರೊ ಅಂದರೆ ಅಲ್ಲಿನ ಮೂರನೇ ದರ್ಜೆಯ ಲೀಗ್. ಆ ಲೀಗಿನ ಕ್ಲಬ್ಬುಗಳ ಹುಡುಗರಿಂದ ಆರಿಸಿದ ತಂಡ ಅದು.

ದೊಡ್ಡ ಮಾವ: ಆದರೂ ಗೆದ್ದರಲ್ಲ! ಅವರೂ ಇಟಲಿಯ ಹುಡುಗರೇ ತಾನೇ?

ನಾನು: ಗೆದ್ದರು ಮಾವ, ಚೆನ್ನಾಗಿಯೇ ಗೆದ್ದರು. ಯುರೋಪಿನ ನೆಲದಲ್ಲಿ ಅಂಥ ತಂಡದ ಎದುರು ಎರಡು ಗೋಲು ಹೊಡೆಯುವುದು ಸಣ್ಣ ಮಾತಲ್ಲ. ಆದರೆ ಇಟಲಿ ಅಂತ ಬರೆದು, ಆಮೇಲೆ ಅದು ತಪ್ಪು ಅಂತ ಗೊತ್ತಾದಾಗ ಏನಾಯಿತು ನೋಡಿ. ಹುಡುಗರ ನಿಜವಾದ ಗೆಲುವನ್ನೂ ಜನ ನಂಬದ ಹಾಗಾಯಿತು. ತಮ್ಮ ಈಗ ಮೂರನ್ನೂ ಸುಳ್ಳು ಅಂದದ್ದು ಅದಕ್ಕೇ. ನನಗೆ ಬೇಜಾರು ಆಗುವುದು ಇಲ್ಲಿ.

ಪುಣೆ ತಮ್ಮ: ಹಾಗಾದರೆ ಅರ್ಜೆಂಟೀನಾ ನಿಜವಾ ಅಣ್ಣ?

ನಾನು: ನಿಜ. ನೂರಕ್ಕೆ ನೂರು. 2018ರ ಆಗಸ್ಟ್, ಸ್ಪೇನಿನ ವೇಲೆನ್ಸಿಯಾ ಹತ್ತಿರ ಕೋಟಿಫ್ ಅನ್ನುವ ಟೂರ್ನಿ. 20 ವರ್ಷದೊಳಗಿನವರದ್ದು. ನಾಲ್ಕನೇ ನಿಮಿಷದಲ್ಲೇ ದೀಪಕ್ ತಾಂಗ್ರಿ ಗೋಲು ಹೊಡೆದ. ದ್ವಿತೀಯಾರ್ಧದಲ್ಲಿ ಅನಿಕೇತ್ ಜಾಧವ್‌ಗೆ ಕೆಂಪು ಕಾರ್ಡ್. ಹತ್ತೇ ಜನ ಉಳಿದರು. ಆ ಹತ್ತು ಜನ ಇದ್ದಾಗಲೇ ಅನ್ವರ್ ಅಲಿ 68ನೇ ನಿಮಿಷಕ್ಕೆ ಫ್ರೀ ಕಿಕ್‌ನಲ್ಲಿ ಎರಡನೇ ಗೋಲು ಹೊಡೆದ. ಅರ್ಜೆಂಟೀನಾ ಒಂದು ವಾಪಸ್ ಹೊಡೆದರೂ ಪಂದ್ಯ 2-1ಕ್ಕೆ ಮುಗಿಯಿತು. ನಮ್ಮ ಕೋಚ್ ಫ್ಲಾಯ್ಡ್ ಪಿಂಟೊ. ಅವರ ಕೋಚ್ ಯಾರು ಗೊತ್ತಾ? ಲಿಯೋನೆಲ್ ಸ್ಕಲೋನಿ. 2022ರಲ್ಲಿ ಮೆಸ್ಸಿ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಅದೇ ಸ್ಕಲೋನಿ.

ಪುಣೆ ತಮ್ಮ: ಸುಮ್ನೆ ಪ್ರಯೋಗಕ್ಕೆ ಕಳಿಸಿದ ತಂಡ ಇರಬೇಕು.

ನಾನು: ಆ ಟೂರ್ನಿ ಗೆದ್ದದ್ದು ಕೊನೆಗೆ ಅರ್ಜೆಂಟೀನಾನೇ. ಕಪ್ ಎತ್ತಿದ ತಂಡವನ್ನು ಹತ್ತು ಜನ ಸೇರಿ ಸೋಲಿಸಿದ್ದಾರೆ. ಹಾಗಂತ ಅದೇ ವಾರ ನಮ್ಮವರು ಸ್ಪೇನಿನದೇ ಮುರ್ಸಿಯಾ ತಂಡದ ಎದುರು, ಮಾರಿಟಾನಿಯಾ ಎದುರು ಸೋತದ್ದೂ ಇದೆ. ವೆನೆಜುವೆಲಾ ಜೊತೆ ಸೊನ್ನೆ ಸಮ. ಮಾವ ಕಳಿಸಿದ್ದರಲ್ಲಿ ಆ ಸಾಲುಗಳಿಲ್ಲ. ನನಗೆ ಅವೂ ಬೇಕು. ಮೊದಲು ಎರಡು ಪಂದ್ಯ ಸೋತು, ಮೂರನೆಯದನ್ನು ಡ್ರಾ ಮಾಡಿ, ಕೊನೆಯದನ್ನು ಗೆದ್ದರು. ಒಂದೇ ವಾರದಲ್ಲಿ ನಾಲ್ಕು ಒಳ್ಳೆಯ ತಂಡಗಳ ಜೊತೆ ಆಡಲು ಸಿಕ್ಕರೆ ನಮ್ಮ ಹುಡುಗರು ಎಷ್ಟು ಬೇಗ ಕಲಿಯುತ್ತಾರೆ ಅನ್ನುವುದು ಅದರಲ್ಲೇ ಕಾಣುತ್ತದೆ.

ದೊಡ್ಡ ಮಾವ: 1974?

ನಾನು: ಅದಕ್ಕೇ ಬರ್ತಿದ್ದೆ ಮಾವ. ಈ ಸಂದೇಶದಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಅದೇ. ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ.

ಬ್ಯಾಂಕಾಕ್‌ನಲ್ಲಿ ಏಷ್ಯನ್ ಯೂತ್ ಚಾಂಪಿಯನ್‌ಶಿಪ್. ನಮ್ಮ ನಾಯಕ ಹೈದರಾಬಾದಿನ ಶಬ್ಬೀರ್ ಅಲಿ. ಕೋಚ್ ಅರುಣ್ ಘೋಷ್. 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದ್ದವರು ಅವರು. ಫೈನಲ್‌ನಲ್ಲಿ ಎದುರಾಳಿ ಇರಾನ್. ಏಷ್ಯಾದ ಫುಟ್‌ಬಾಲ್‌ನಲ್ಲಿ ಆಗ ಇರಾನ್ ಅಂದರೆ ದೊಡ್ಡ ಹೆಸರು. ಪಂದ್ಯ 2-2ಕ್ಕೆ ನಿಂತಿತು. ಎರಡೂ ತಂಡಗಳಿಗೆ ಸೇರಿ ಪ್ರಶಸ್ತಿ ಕೊಟ್ಟರು. ಹಾಗಾಗಿ "ಜಂಟಿ ಚಾಂಪಿಯನ್" ಅಂತ ಬರೆಯಿರಿ ಮಾವ. ಒಂದೇ ಒಂದು ಪದ ಸೇರಿಸಿದರೆ ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ.

ಪುಣೆ ತಮ್ಮ: ಇದು ನನಗೆ ಗೊತ್ತಿರಲಿಲ್ಲ. ಮಾವ, ಈ ಮಟ್ಟಿಗೆ ನನ್ನದು ತಪ್ಪು.

ದೊಡ್ಡ ಮಾವ: ನನಗೂ ಆಗ ಅದೇ ವಯಸ್ಸು. ನಾವು ರೇಡಿಯೊದಲ್ಲಿ ಹಾಕಿ, ಕ್ರಿಕೆಟ್ ಕೇಳುತ್ತಿದ್ದೆವು. ಇದರ ಬಗ್ಗೆ ಒಬ್ಬರೂ ಮಾತಾಡಿದ ನೆನಪಿಲ್ಲ.

ನಾನು: ಶಬ್ಬೀರ್ ಅಲಿ ಆಮೇಲೆ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್‌ನಲ್ಲಿ ಹೆಸರು ಮಾಡಿದರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2011ರಲ್ಲಿ. 37 ವರ್ಷ ಆದ ಮೇಲೆ. ಆ ಕಪ್ಪಿನ ಬಲದ ಮೇಲೆ ಒಂದು ವ್ಯವಸ್ಥೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಆ ಕಪ್ಪನ್ನು ನಾವು ಇವತ್ತಿನವರೆಗೂ ಮತ್ತೆ ಗೆದ್ದಿಲ್ಲ.

ಅಕ್ಕ: ಸರಿ, ಚರಿತ್ರೆ ಆಯಿತು. ನನ್ನ ಪ್ರಶ್ನೆಗೆ ಬಾ. 2017ರ ಹುಡುಗರು ಮೂರೂ ಸೋತರು ಅಂತ ತಮ್ಮ ಹೇಳಿದ. ಅವರೆಲ್ಲ ಆಮೇಲೆ ಏನಾದರು? ನನಗೆ ಬೇಕಾಗಿರುವುದು ಅದು.

ನಾನು: ಹೇಳ್ತೀನಿ ಅಕ್ಕ. ಮೊದಲು ಕೊಲಂಬಿಯಾ ಪಂದ್ಯದ ವಿಷಯ. 1-2 ಅಂತ ಬರೆದರೆ ಅದರಲ್ಲಿ ಏನೂ ತಿಳಿಯುವುದಿಲ್ಲ.

2017ರ ಅಕ್ಟೋಬರ್ 9. ದೆಹಲಿಯ ಜವಾಹರಲಾಲ್ ನೆಹರು ಸ್ಟೇಡಿಯಂ. ಮೊದಲರ್ಧ ಸೊನ್ನೆ ಸಮ. ಕೇರಳದ ರಾಹುಲ್ ಹೊಡೆದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಗೋಲ್‌ಕೀಪರ್ ಧೀರಜ್ ಸಿಂಗ್ ಒಂದರ ಮೇಲೊಂದು ಹೊಡೆತ ತಡೆದ. 49ನೇ ನಿಮಿಷಕ್ಕೆ ಕೊಲಂಬಿಯಾ ಗೋಲು. 82ನೇ ನಿಮಿಷಕ್ಕೆ ನಮಗೊಂದು ಕಾರ್ನರ್. ಒದೆಯಲು ಬಂದವನು ಸಂಜೀವ್ ಸ್ಟಾಲಿನ್, ನಮ್ಮ ಬೆಂಗಳೂರಿನ ಹುಡುಗ, ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವವನು. ಚೆಂಡು ತೇಲಿ ಬಂತು. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಗೋಲು. ಯಾವುದೇ ವಯಸ್ಸಿನ ಫಿಫಾ ವಿಶ್ವಕಪ್‌ನಲ್ಲಿ ಭಾರತ ಹೊಡೆದ ಮೊದಲ ಗೋಲು ಅದು. ನಾನು ಆವತ್ತು ಟಿವಿ ಮುಂದೆ ಎದ್ದು ನಿಂತು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಸಂಭ್ರಮ ಮುಗಿಯುವ ಮೊದಲೇ, ಮರು ನಿಮಿಷದಲ್ಲೇ ಕೊಲಂಬಿಯಾ ಇನ್ನೊಂದು ಹೊಡೆಯಿತು. ಹುಡುಗರು ಗೋಲು ಹೊಡೆದ ಖುಷಿಯಲ್ಲಿ ಮೈಮರೆತರು. ಅಂಥ ಹೊತ್ತಿನಲ್ಲಿ ಹೇಗೆ ನಿಲ್ಲಬೇಕು ಅನ್ನುವುದು ಆಡಿ ಆಡಿಯೇ ಬರಬೇಕು. ಅವರಿಗೆ ಅದು ಮೊದಲ ಸಲ.

ಪುಣೆ ತಮ್ಮ: ಆ ಗೋಲು ನಾನೂ ನೋಡಿದ್ದೇನೆ. ಆದರೆ ಕಾರ್ನರ್ ಒದೆದವನು ಬೆಂಗಳೂರಿನವನು ಅಂತ ಗೊತ್ತಿರಲಿಲ್ಲ.

ನಾನು: ಇನ್ನೊಂದು ವಿಷಯ, ಅಕ್ಕ, ಇದು ಚಿನ್ನುಗೆ ಹೇಳು. ಜೀಕ್ಸನ್ ಆ ತಂಡದಲ್ಲಿ ಮೊದಲಿಂದ ಇದ್ದವನಲ್ಲ. ವಿಶ್ವಕಪ್ಪಿಗೆ ಕೆಲವೇ ತಿಂಗಳು ಇದ್ದಾಗ ಕೋಚ್ ಬದಲಾದರು. ಜರ್ಮನಿಯ ನಿಕೊಲಾಯ್ ಆಡಂ ಹೋಗಿ ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದರು. ಪಂಜಾಬಿನ ಮಿನರ್ವಾ ಅಕಾಡೆಮಿಯಲ್ಲಿದ್ದ ಜೀಕ್ಸನ್ ಆಮೇಲೆ ತಂಡಕ್ಕೆ ಸೇರಿದ. ಒಂದು ಟ್ರಯಲ್ಸ್‌ನಲ್ಲಿ ಹೆಸರು ಬರಲಿಲ್ಲ ಅಂದರೆ ಬಾಗಿಲು ಮುಚ್ಚಿತು ಅಂತ ಅಲ್ಲ.

ಅಕ್ಕ: ಬಾಗಿಲು ಮುಚ್ಚುವ ಮಾತು ಬಂತಲ್ಲ, ಒಂದು ವಿಷಯ ನಾನು ಗುಂಪಿನಲ್ಲಿ ಹೇಳಿರಲಿಲ್ಲ. ಹೋದ ವರ್ಷ ಒಂದು ಕಡೆ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಒಬ್ಬರು ಪಕ್ಕಕ್ಕೆ ಕರೆದು, "ಹುಡುಗ ಚೆನ್ನಾಗಿ ಆಡ್ತಾನೆ, ಎರಡು ವರ್ಷ ಕಮ್ಮಿ ಮಾಡಿ ಹೊಸ ಬರ್ತ್ ಸರ್ಟಿಫಿಕೇಟ್ ಮಾಡಿಸಿ ತನ್ನಿ" ಅಂದರು. ನಾವು ಆಗಲ್ಲ ಅಂದೆವು. ಅವನ ಹೆಸರು ಬರಲಿಲ್ಲ. ಮೀಸೆ ಮೂಡಿದ ಹುಡುಗರ ಹೆಸರು ಬಂತು. ಚಿನ್ನು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅತ್ತೆ: ಅಯ್ಯೋ ಪಾಪ. ನನಗೂ ಹೇಳಲಿಲ್ಲವಲ್ಲೇ.

ನಾನು: ನೀವು ಮಾಡಿದ್ದು ಸರಿ ಅಕ್ಕ. ಸರಿ ಮಾತ್ರ ಅಲ್ಲ, ಅವನ ಮುಂದಿನ ದಾರಿ ಉಳಿಸಿದಿರಿ. 2009ರ ನೈಜೀರಿಯಾ ವಿಶ್ವಕಪ್‌ನಿಂದ ಫಿಫಾ 17ರ ಒಳಗಿನ ಹುಡುಗರ ಮಣಿಕಟ್ಟಿಗೆ ಎಂಆರ್‌ಐ ಮಾಡಿಸುತ್ತದೆ. ಮಣಿಕಟ್ಟಿನ ಹತ್ತಿರ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಒಂದಿರುತ್ತದೆ. ಅದು ಪೂರ್ತಿ ಕೂಡಿಕೊಂಡಿದ್ದರೆ ಹುಡುಗ 17 ದಾಟಿದ್ದಾನೆ ಅಂತ ಲೆಕ್ಕ. ನಮ್ಮ ಕಿರಿಯರ ಆಟದಲ್ಲೂ ಮೂಳೆ ಪರೀಕ್ಷೆ ಇದೆ. ಕಾಗದ ತಿದ್ದಬಹುದು, ಮೂಳೆ ತಿದ್ದಲು ಆಗುವುದಿಲ್ಲ. ಊರ ಮಟ್ಟದಲ್ಲಿ ಕಪ್ ಗೆಲ್ಲಲು ದೊಡ್ಡ ಹುಡುಗರನ್ನು ಆಡಿಸುತ್ತಾರೆ. ಆ ಹುಡುಗರು ಮೇಲಿನ ಹಂತಕ್ಕೆ ಹೋದಾಗ ಪರೀಕ್ಷೆಯಲ್ಲಿ ಸಿಕ್ಕಿ ಬೀಳುತ್ತಾರೆ. ಅಷ್ಟರಲ್ಲಿ ನಿಜವಾದ ವಯಸ್ಸಿನ ಹುಡುಗ ಆಟವನ್ನೇ ಬಿಟ್ಟಿರುತ್ತಾನೆ. ನಮ್ಮ ಕಿರಿಯರ ತಂಡಗಳು ಎಷ್ಟು ಒಳ್ಳೆಯ ಹುಡುಗರನ್ನು ಹೀಗೆ ಕಳೆದುಕೊಂಡಿವೆಯೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಪುಟ್ಟಿ: ಭಾವ, ಒಂದು ಮಾತು. ಬೆಳಿಗ್ಗೆಯಿಂದ ಎಲ್ಲರೂ ಹುಡುಗರು ಹುಡುಗರು ಅಂತಲೇ ಇದ್ದೀರಿ. ಹುಡುಗಿಯರ ತಂಡ ದೇಶದ ತಂಡ ಅಲ್ವಾ?

ಪುಣೆ ತಮ್ಮ: 2022ರ 17ರ ಒಳಗಿನವರ ವಿಶ್ವಕಪ್‌ನಲ್ಲಿ ಅವರೂ ಮೂರು ಸೋತರಲ್ಲ. ಅಮೆರಿಕ ಎದುರು 0-8.

ಪುಟ್ಟಿ: ಗೊತ್ತು. ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ಮೂರೂ ನೋಡಿದ್ದೇನೆ. ಆದರೆ ಆ ವಿಶ್ವಕಪ್ ಆಗಬೇಕಿದ್ದದ್ದು 2020ರಲ್ಲಿ. ಅದಕ್ಕೆ ಅಂತ ತಯಾರಾದ ಹುಡುಗಿಯರು ಬೇರೆ. ಕೊರೊನಾ ಬಂತು, ಟೂರ್ನಿ ರದ್ದಾಯಿತು. 2022ಕ್ಕೆ ಅವರಿಗೆ ವಯಸ್ಸು ಮೀರಿತ್ತು. ಹೊಸ ತಂಡ ಕಟ್ಟಿದರು. ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಶನ್ ಅನ್ನೇ ಅಮಾನತು ಮಾಡಿತು. ಅಕ್ಟೋಬರ್‌ನಲ್ಲಿ ವಿಶ್ವಕಪ್! ಆಡುತ್ತೇವೋ ಇಲ್ಲವೋ ಅಂತ ಗೊತ್ತಿಲ್ಲದೆ ಆ ಹುಡುಗಿಯರು ಅಭ್ಯಾಸ ಮಾಡಿದರು. ಆಗಸ್ಟ್ ಕೊನೆಗೆ ಅಮಾನತು ತೆಗೆದರು. ನಾಯಕಿ ಅಸ್ತಮ್ ಒರಾಂವ್ ಜಾರ್ಖಂಡ್‌ನವಳು. ಎಂಟು ಗೋಲು ಬಿದ್ದ ಮೇಲೂ ಮುಂದಿನ ಪಂದ್ಯಕ್ಕೆ ತಂಡವನ್ನು ಕರೆದುಕೊಂಡು ಬಂದಳು. ಬರೀ ಅಂಕ ಹೇಳಿದರೆ ಇದು ಕಾಣುವುದಿಲ್ಲ.

ನಾನು: ಪುಟ್ಟಿ, ನೀನು ಹೇಳಿದ್ದು ನಾನು ಹೇಳಬೇಕಿದ್ದ ಮಾತು. ನನ್ನ ತಪ್ಪು, ಬಿಟ್ಟಿದ್ದೆ.

ಪುಣೆ ತಮ್ಮ: ಸರಿ ಪುಟ್ಟಿ, ಒಪ್ಪಿದೆ.

ನಾನು: ಅಕ್ಕ, ಈಗ ನಿನ್ನ ಪ್ರಶ್ನೆ. 2017ರ ಹುಡುಗರನ್ನು ಮನೆಗೆ ಕಳಿಸಲಿಲ್ಲ, ಅದು ಒಳ್ಳೆಯದಾಯಿತು. ಇಂಡಿಯನ್ ಆ್ಯರೋಸ್ ಅಂತ ತಂಡ ಮಾಡಿ ಐ-ಲೀಗ್ ಅನ್ನುವ ದೇಶದ ಕ್ಲಬ್ ಟೂರ್ನಿಯಲ್ಲಿ ದೊಡ್ಡವರ ಜೊತೆ ಆಡಿಸಿದರು. ಮೊದಲ ಪಂದ್ಯದಲ್ಲೇ ಚೆನ್ನೈ ಸಿಟಿಯನ್ನು 3-0 ಸೋಲಿಸಿದರು. ಫಲ ಸಿಕ್ಕಿತು. ಜೀಕ್ಸನ್, ಅನ್ವರ್ ಅಲಿ ದೊಡ್ಡವರ ತಂಡಕ್ಕೆ ಹೋದರು. 2023ರಲ್ಲಿ ನಮ್ಮ ಕಂಠೀರವದಲ್ಲೇ ಕುವೈತ್ ಎದುರು ಪೆನಾಲ್ಟಿಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. ಸುರೇಶ್ ಸಿಂಗ್ ಬೆಂಗಳೂರು ಎಫ್‌ಸಿಗೆ ಬಂದ. ಸ್ಟಾಲಿನ್ ಪೋರ್ಚುಗಲ್‌ಗೆ ಹೋಗಿ ಬಂದು ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿಯಲ್ಲಿ ಆಡಿದ. ಎಲ್ಲರಿಗೂ ಹೀಗೆ ಆಗಲಿಲ್ಲ, ಕೆಲವರ ಹೆಸರು ಈಗ ಕೇಳುವುದೇ ಇಲ್ಲ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆ್ಯರೋಸ್ ತಂಡವನ್ನೂ 2022ರಲ್ಲಿ ನಿಲ್ಲಿಸಿಬಿಟ್ಟರು. ಅದು ದೊಡ್ಡ ತಪ್ಪು ಅಂತ ನಾನು ಇವತ್ತಿಗೂ ಹೇಳ್ತೀನಿ. ಹದಿನೆಂಟರಿಂದ ಇಪ್ಪತ್ತೊಂದರ ಮಧ್ಯೆ ಹುಡುಗನಿಗೆ ಪಂದ್ಯ ಬೇಕು. ಬೆಂಚಿನ ಮೇಲೆ ಕೂತರೆ ಅವನು ಬೆಳೆಯುವುದಿಲ್ಲ.

ಪುಣೆ ತಮ್ಮ: 2018ರಲ್ಲಿ 16ರ ಒಳಗಿನವರು ಮಲೇಷ್ಯಾದ ಏಷ್ಯನ್ ಟೂರ್ನಿಯಲ್ಲಿ ವಿಶ್ವಕಪ್ ಜಾಗಕ್ಕೆ ಹತ್ತಿರ ಬಂದಿದ್ದರಲ್ಲ? ನಾನು ಈಗ ಹುಡುಕಿ ನೋಡಿದೆ.

ನಾನು: ಹೌದು, ಕೋಚ್ ಬಿಬಿಯಾನೊ ಫರ್ನಾಂಡಿಸ್ ತಂಡ. ವಿಯೆಟ್ನಾಂ ಎದುರು 1-0. ಇರಾನ್ ಜೊತೆ, ಇಂಡೋನೇಷ್ಯಾ ಜೊತೆ ಸೊನ್ನೆ ಸಮ. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0-1. ಅದೊಂದು ಗೆದ್ದಿದ್ದರೆ ಆತಿಥೇಯರಾಗಿ ಅಲ್ಲ, ಆಡಿ ಗಳಿಸಿದ ಜಾಗದಲ್ಲಿ ವಿಶ್ವಕಪ್‌ಗೆ ಹೋಗುತ್ತಿದ್ದರು. ಒಂದೇ ಒಂದು ಗೋಲು!

ದೊಡ್ಡ ಮಾವ: ಹೊಸದಾಗಿ ಬರೆದಿದ್ದೇನೆ, ನೋಡು. "1974, ಬ್ಯಾಂಕಾಕ್: ಇರಾನ್ ಜೊತೆ ಜಂಟಿ ಏಷ್ಯಾ ಚಾಂಪಿಯನ್, ನಾಯಕ ಶಬ್ಬೀರ್ ಅಲಿ. 2017, ದೆಹಲಿ: ವಿಶ್ವಕಪ್‌ನಲ್ಲಿ ಮೊದಲ ಗೋಲು, ಬೆಂಗಳೂರಿನ ಹುಡುಗನ ಕಾರ್ನರ್, ಮಣಿಪುರದ ಹುಡುಗನ ತಲೆ. 2018, ಸ್ಪೇನ್: ಹತ್ತು ಜನ ಸೇರಿ ಅರ್ಜೆಂಟೀನಾವನ್ನು 2-1 ಸೋಲಿಸಿದರು. 2022: ಎಷ್ಟೋ ಅಡ್ಡಿಗಳ ನಡುವೆ ನಮ್ಮ ಹುಡುಗಿಯರೂ ವಿಶ್ವಕಪ್ ಆಡಿದರು." ಇಟಲಿ ತೆಗೆದಿದ್ದೇನೆ. ಸರಿ ಇದೆಯಾ?

ನಾನು: ಪೂರ್ತಿ ಸರಿ ಇದೆ ಮಾವ. ಈಗ ನೂರು ಜನಕ್ಕೆ ಕಳಿಸಿ.

ಪುಟ್ಟಿ: ಅಪ್ಪ, ಥ್ಯಾಂಕ್ಸ್.

ಅಕ್ಕ: ಮಾಮಾ ನಾನು ಚಿನ್ನು. ಅಮ್ಮನ ಫೋನು. ಆ ಕಾರ್ನರ್ ವಿಡಿಯೊ ಇದ್ದರೆ ಕಳಿಸಿ. ನಾನೂ ಲೆಫ್ಟ್ ಬ್ಯಾಕ್.

ನಾನು: ಈಗಲೇ ಕಳಿಸ್ತೀನಿ ಕಂದ. ಅವನು ಒದೆಯುವ ಮೊದಲು ತಲೆ ಎತ್ತಿ ಯಾರನ್ನು ನೋಡುತ್ತಾನೆ, ಗಮನಿಸು.

ಅಕ್ಕ: ಫೋನ್ ಕಸಿದುಕೊಂಡೆ. ಶನಿವಾರ ಬೆಳಿಗ್ಗೆ ಆರಕ್ಕೆ ಮನೆಗೆ ಬಾ. ಇವರಿಗೆ ಆವತ್ತು ಡ್ಯೂಟಿ ಇದೆ, ನೀನೇ ಕರೆದುಕೊಂಡು ಹೋಗಬೇಕು. ಅಸಲಿ ಬರ್ತ್ ಸರ್ಟಿಫಿಕೇಟ್ ಬ್ಯಾಗಿನಲ್ಲಿ ಹಾಕಿದ್ದೇನೆ.