ಸಹಾಯ ಬೇಕು: ಎಂಡೋಸ್ಕೋಪಿ ಅಭ್ಯಾಸಕ್ಕೆ ಸಿಮ್ಯುಲೇಟರ್

ಪುಣೆಯ ಕನ್ನಡಿಗ ವೈದ್ಯ ಮಿತ್ರರಿಗೆ ನಮಸ್ಕಾರ. ಇಲ್ಲಿ ಸರ್ಜರಿ ಕಲಿಯುತ್ತಿರುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ರೋಗಿಯ ಮೇಲೆ ಕೊಲೊನೋಸ್ಕೋಪ್ (ದೊಡ್ಡ ಕರುಳಿನ ಒಳಗನ್ನು ನೋಡುವ ಬಾಗುವ ಕೊಳವೆ) ಬಳಸುವ ಮೊದಲೇ ಸಿಮ್ಯುಲೇಟರ್ ಎಂಬ ಅನುಕರಣ ಯಂತ್ರದಲ್ಲಿ ಕೈ ಪಳಗಿಸಿಕೊಳ್ಳಲೆಂದು ಈ ವಿನಂತಿ. ಅಮೆರಿಕದ ಶಸ್ತ್ರವೈದ್ಯರ ಸೇಜಸ್ ಸಂಸ್ಥೆ ಎಂಡೋಸ್ಕೋಪಿ ಕೌಶಲಕ್ಕಾಗಿ ನಡೆಸುವ ಎಫ್‌ಇಎಸ್ ಪರೀಕ್ಷೆಯಲ್ಲಿ ಸ್ಕೋಪನ್ನು ಮುನ್ನಡೆಸುವುದು, ಲೂಪ್ (ಕರುಳಿನೊಳಗೆ ಸ್ಕೋಪಿಗೆ ಬೀಳುವ ಸುರುಳಿ) ಬಿಡಿಸುವುದು, ತುದಿಯನ್ನು ಹಿಂದಕ್ಕೆ ಬಾಗಿಸಿ ನೋಡುವುದು, ಒಳಪೊರೆಯನ್ನು ಪರಿಶೀಲಿಸುವುದು, ಗುರಿಗೆ ಉಪಕರಣ ಮುಟ್ಟಿಸುವುದು ಎಂಬ 5 ಕೌಶಲಗಳನ್ನು ಸಿಮ್ಯುಲೇಟರಿನ ಮೇಲೆಯೇ ಅಳೆಯುತ್ತಾರೆ. ಇವುಗಳಲ್ಲಿ ಲೂಪ್ ಬಿಡಿಸುವುದೇ ಕಠಿಣವೆಂದು ನನ್ನ ಅಭಿಪ್ರಾಯ. ಲೂಪ್ ಬಿದ್ದಾಗ ತಳ್ಳಿದಷ್ಟೂ ಕರುಳು ಹಿಗ್ಗುತ್ತದೆಯೇ ಹೊರತು ತುದಿ ಮುಂದೆ ಸಾಗದು, ಹಿಂದೆಳೆದು ತಿರುಗಿಸಬೇಕೆಂಬುದು ಪುಸ್ತಕದಿಂದ ಕೈಗೆ ಬಾರದು. ಅಂಥ ಸಿಮ್ಯುಲೇಟರ್ ಕೊಳ್ಳುವ ಶಕ್ತಿ ನಮ್ಮ ವಿಭಾಗಕ್ಕಿಲ್ಲ. ಪುಣೆ ಅಥವಾ ಮುಂಬಯಿಯಲ್ಲಿ ಹೊರಗಿನವರಿಗೂ ಅದನ್ನು ಬಳಸಲು ಬಿಡುವ ಕೇಂದ್ರ ಗೊತ್ತಿರುವವರು, ಇಲ್ಲವೇ ಹಳೆಯ ಸ್ಕೋಪ್ ಮತ್ತು ರಬ್ಬರ್ ಮಾದರಿಯಿಂದ ಅಭ್ಯಾಸ ಪೆಟ್ಟಿಗೆ ಸಿದ್ಧಪಡಿಸಿದ ಅನುಭವವುಳ್ಳವರು ದಯವಿಟ್ಟು ಇಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ.